ಗೋಮಾಳದ ನಡುವಿನ ದಾರಿ: ಅನುಮತಿ ಕೇಳುವ ಮುನ್ನ ಹಕ್ಕು ಯಾವುದೆಂದು ನೋಡಿ

ಪ್ರಶ್ನೆ: ನಮ್ಮ ಅಜ್ಜನಿಗೆ 1978ರಲ್ಲಿ ದರಖಾಸ್ತಿನಲ್ಲಿ, ಎಂದರೆ ಅರ್ಜಿ ಹಾಕಿ, 3 ಎಕರೆ 20 ಗುಂಟೆ ಸರ್ಕಾರಿ ಜಮೀನು ಮಂಜೂರಾಗಿತ್ತು. ಜಮೀನಿಗೆ ಮೂರು ಕಡೆ ಗೋಮಾಳ, ಇನ್ನೊಂದು ಕಡೆ ಕಾಡು. ಊರಿನ ಡಾಂಬರು ರಸ್ತೆ ಬಿಟ್ಟು ಗೋಮಾಳದೊಳಗೆ ಸುಮಾರು 400 ಅಡಿ ಗಾಡಿ ಜಾಡಿನಲ್ಲಿ ಹೋದರೆ ನಮ್ಮ ಹೊಲ. ಅಜ್ಜನ ಕಾಲದಿಂದಲೂ ಇದೇ ದಾರಿ. ಈಗ ಆ ಗೋಮಾಳದಲ್ಲಿ 2 ಎಕರೆಯನ್ನು ಒಂದು ಸರ್ಕಾರಿ ಕಟ್ಟಡಕ್ಕೆ ಕೊಟ್ಟಿದ್ದಾರೆ. ಎರಡು ತಿಂಗಳ ಹಿಂದೆ ದಾರಿಗೆ ಅಡ್ಡಲಾಗಿ ತಂತಿಬೇಲಿ ಬಿತ್ತು. ಕೇಳಿದರೆ, ‘ಇದು ಸರ್ಕಾರಿ ಜಾಗ, ನಿಮಗಿಲ್ಲಿ ದಾರಿ ಹಕ್ಕಿಲ್ಲ’ ಎನ್ನುತ್ತಾರೆ. ಕಾಡಿನ ಕಡೆಯಿಂದ ಒಂದು ಬಳಸು ದಾರಿ ಇತ್ತು, ಅದಕ್ಕೂ ಅರಣ್ಯ ಇಲಾಖೆಯವರು ಕಂದಕ ತೋಡಿದ್ದಾರೆ. ‘ದಾರಿ ಮಂಜೂರು ಮಾಡಿಕೊಡಿ’ ಎಂದು ತಹಶೀಲ್ದಾರರಿಗೆ ಅರ್ಜಿ ಬರೆದಿಟ್ಟಿದ್ದೇನೆ, ಇನ್ನೂ ಕೊಟ್ಟಿಲ್ಲ. ಮುಂದೇನು ಮಾಡಲಿ?

ಉತ್ತರ: ಆ ಅರ್ಜಿಯನ್ನು ಇನ್ನೂ ಕೊಡದೆ ಇದ್ದದ್ದು ಒಳ್ಳೆಯದಾಯಿತು. ದಯವಿಟ್ಟು ಕೊಡಬೇಡಿ. ‘ಮಂಜೂರು ಮಾಡಿಕೊಡಿ’ ಎಂದು ಬರೆದ ಕ್ಷಣ, ಇಷ್ಟು ದಿನ ದಾರಿ ಇರಲಿಲ್ಲ, ಇದ್ದರೂ ನಿಮ್ಮದಾಗಿರಲಿಲ್ಲ ಎಂದು ನೀವೇ ಸಹಿ ಹಾಕಿಕೊಟ್ಟಂತೆ. ನನ್ನ ವಕೀಲಿಕೆಯ ಮೊದಲ ವರ್ಷಗಳಲ್ಲಿ ಇಂಥದ್ದೇ ಒಂದು ದಾವೆ ಸೋತಿದ್ದೇನೆ. ಕಕ್ಷಿದಾರರದು ಮೂರು ತಲೆಮಾರು ಓಡಾಡಿದ ದಾರಿ, ಸಾಕ್ಷಿಗಳೂ ಗಟ್ಟಿಯಾಗಿದ್ದರು. ಆದರೆ ಅವರ ತಂದೆ ಹಿಂದೊಮ್ಮೆ ಯಾರದೋ ಮಾತು ಕೇಳಿ, ‘ತಾವು ದಯಪಾಲಿಸಿ ಗೋಮಾಳದಲ್ಲಿ ಓಡಾಡಲು ಅನುಮತಿ ನೀಡಬೇಕು’ ಎಂದು ಅರ್ಜಿ ಹಾಕಿದ್ದರು. ಸರ್ಕಾರಿ ವಕೀಲರು ಆ ಒಂದು ಹಾಳೆಯನ್ನು ಹಾಜರುಪಡಿಸಿ ಪಾಟೀ ಸವಾಲು ಮುಗಿಸಿಬಿಟ್ಟರು. ಅಂದಿನಿಂದ ನನ್ನ ಬಳಿ ದಾರಿಯ ತಕರಾರು ಹಿಡಿದು ಯಾರೇ ಬಂದರೂ ನಾನು ಮೊದಲು ಕೇಳುವುದು, ‘ಈವರೆಗೆ ಏನೇನು ಬರೆದುಕೊಟ್ಟಿದ್ದೀರಿ, ಎಲ್ಲ ತನ್ನಿ’ ಎಂದು.

ಸರ್ಕಾರಿ ಜಾಗ ಎಂದ ಮಾತ್ರಕ್ಕೆ ಅಲ್ಲಿ ಯಾರಿಗೂ ದಾರಿ ಹಕ್ಕಿಲ್ಲ ಎನ್ನುವುದು ಕಾನೂನಲ್ಲ. ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 67ನೇ ಕಲಂ ಓದಿದರೆ ಗೊತ್ತಾಗುತ್ತದೆ. ಯಾರ ಖಾಸಗಿ ಸ್ವತ್ತೂ ಅಲ್ಲದ ಜಮೀನು, ರಸ್ತೆ, ಓಣಿ, ಕಾಲುದಾರಿ ಎಲ್ಲವೂ ಸರ್ಕಾರದ್ದು ಎಂದು ಅದು ಹೇಳುತ್ತದೆ ನಿಜ. ಆದರೆ ಅವುಗಳ ಮೇಲೆ ಬೇರೆಯವರಿಗೆ ಕಾನೂನುಬದ್ಧವಾಗಿ ಇರುವ ಹಕ್ಕುಗಳನ್ನು ಹಾಗೆಯೇ ಉಳಿಸಿಯೇ ಹೇಳುತ್ತದೆ. ಹಾಗಾಗಿ ಜಾಗ ಸರ್ಕಾರದ್ದೇ ಎಂಬುದನ್ನು ನೀವು ಅಲ್ಲಗಳೆಯಬೇಕಾಗಿಲ್ಲ, ಅಲ್ಲಗಳೆಯಲೂ ಬಾರದು. ನಿಮಗೆ ಬೇಕಿರುವುದು ಮಣ್ಣಲ್ಲ, ಅದರ ಮೇಲೆ ಹಾದುಹೋಗುವ ಹಕ್ಕು. ಆ ಹಕ್ಕು ಎಲ್ಲಿಂದ ಹುಟ್ಟಿತು ಎಂಬುದನ್ನು ಕಾಗದದ ಮೇಲೆ ತೋರಿಸಬೇಕು.

ಮೊದಲು ನೋಡಬೇಕಾದದ್ದು ಗ್ರಾಮ ನಕ್ಷೆ. ನಿಮ್ಮ ಜಾಡು ಅದರಲ್ಲಿ ಕಂಡರೆ ಅದು ನಮ್ಮ ಕಡೆ ‘ನಕಾಶೆ ಕಂಡ ದಾರಿ’ ಎನ್ನುವಂಥದ್ದು. ಸಾಮಾನ್ಯವಾಗಿ ಗಾಡಿದಾರಿಯನ್ನು ಜೋಡಿ ಚುಕ್ಕೆಗೆರೆಯಲ್ಲಿ, ಕಾಲುದಾರಿಯನ್ನು ಒಂಟಿ ಚುಕ್ಕೆಗೆರೆಯಲ್ಲಿ ತೋರಿಸಿರುತ್ತಾರೆ; ನಕ್ಷೆಯ ಮೇಲೇ ಇರುವ ಗುರುತುಗಳ ವಿವರಣೆಯೊಂದಿಗೆ ತಾಳೆ ನೋಡಿ. ಸರ್ವೆ ನಕ್ಷೆ ತೋರಿಸುವ ಮೊಬೈಲಿನ ದಿಶಾಂಕ್ ಆ್ಯಪ್ ನಿಮ್ಮ ತಿಳಿವಳಿಕೆಗೆ ಸಾಕು, ಸಾಕ್ಷ್ಯಕ್ಕೆ ಸಾಲದು. ಸರ್ವೆ ಕಚೇರಿಯಿಂದ ದೃಢೀಕೃತ ಪ್ರತಿಯನ್ನೇ ಪಡೆಯಿರಿ. ನಕ್ಷೆಯಲ್ಲಿ ದಾರಿ ಇದ್ದರೆ ನಿಮ್ಮ ಕೆಲಸ ಮುಕ್ಕಾಲು ಪಾಲು ಮುಗಿದಂತೆ. ಅದು ಎಲ್ಲರ ದಾರಿ, ನೀವು ವೈಯಕ್ತಿಕ ಹಕ್ಕನ್ನು ಸಾಬೀತು ಮಾಡುತ್ತ ಕೂರಬೇಕಿಲ್ಲ. ಸಾರ್ವಜನಿಕ ದಾರಿಯ ಮೇಲಿನ ಹಕ್ಕನ್ನು ರದ್ದು ಮಾಡುವುದಕ್ಕೆ ಅದೇ ಅಧಿನಿಯಮದ 68ನೇ ಕಲಮಿನಲ್ಲಿ ಪ್ರತ್ಯೇಕ ಕ್ರಮವಿದೆ: ಅಧಿಸೂಚನೆ ಹೊರಡಬೇಕು, ಆಕ್ಷೇಪಣೆಗೆ ಅವಕಾಶ ಕೊಡಬೇಕು. ಅದಾವುದೂ ಆಗದೆ, ಗೋಮಾಳದಲ್ಲಿ 2 ಎಕರೆ ಬೇರೊಂದು ಇಲಾಖೆಗೆ ಹೋಯಿತು ಎಂಬ ಕಾರಣಕ್ಕೇ ದಾರಿ ಮಾಯವಾಗುವುದಿಲ್ಲ.

ನಕ್ಷೆ ನೋಡಿ ಅಷ್ಟಕ್ಕೇ ನಿಲ್ಲಿಸಬೇಡಿ. ಟಿಪ್ಪಣಿ (ಅಳತೆಯ ಕೈನಕ್ಷೆ), ಪಕ್ಕಾ ಬುಕ್ (ವಿಸ್ತೀರ್ಣದ ಲೆಕ್ಕ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ) ಈ ಮೂರು ಸರ್ವೆ ದಾಖಲೆಗಳನ್ನೂ ತೆಗೆಸಿ. ದಾರಿ ಅಕ್ಕಪಕ್ಕದ ಹಿಡುವಳಿಗಳನ್ನೂ ಸ್ವಲ್ಪ ಹಾದು ಬರುವುದಾದರೆ ಅವುಗಳ ಪಹಣಿಯ 3ನೇ ಕಾಲಂ ಗಮನಿಸಿ. ಅಲ್ಲಿ ಖರಾಬು ‘ಅ’, ಖರಾಬು ‘ಬ’ ಎಂದು ಎರಡು ಬಗೆ ಇರುತ್ತದೆ. ‘ಅ’ ಎಂದರೆ ಬೇಸಾಯಕ್ಕೆ ಬಾರದ ಜಾಗ. ‘ಬ’ ಎಂದರೆ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು. 1966ರ ಭೂ ಕಂದಾಯ ನಿಯಮಗಳ 21ನೇ ನಿಯಮದಲ್ಲಿ ರಸ್ತೆ, ರೂಢಿಯ ಕಾಲುದಾರಿ, ಹಳ್ಳ, ಸ್ಮಶಾನ ಇವೆಲ್ಲ ಈ ಪಟ್ಟಿಯಲ್ಲಿವೆ. ಒಂದು ಪ್ರಕರಣದಲ್ಲಿ ನಕ್ಷೆ ಹರಿದು, ಚುಕ್ಕೆಗೆರೆ ಇದ್ದ ಮೂಲೆಯೇ ಹೋಗಿತ್ತು. ಪಕ್ಕದ ಸರ್ವೆ ನಂಬರಿನ ಪಹಣಿಯಲ್ಲಿ ಮಾತ್ರ ಖರಾಬು ‘ಬ’ 5 ಗುಂಟೆ ಎಂದಿತ್ತು. ಹಳೆಯ ಅಳತೆಯಲ್ಲಿ ಚೈನು ಎಂದರೆ 33 ಅಡಿ, ಅದರಲ್ಲಿ 16 ಆಣೆ. ಒಂದು ಚೈನಿನ ಚದರವೇ ಒಂದು ಗುಂಟೆ. ಆ ಹೊಲದಲ್ಲಿ ದಾರಿಯ ಉದ್ದ 10 ಚೈನು. 5 ಗುಂಟೆಯನ್ನು 10 ಚೈನಿನಿಂದ ಭಾಗಿಸಿದರೆ ಅಗಲ 8 ಆಣೆ, ಎಂದರೆ ಹದಿನಾರೂವರೆ ಅಡಿ. ಟಿಪ್ಪಣಿ ಬಿಚ್ಚಿ ನೋಡಿದಾಗ ಅದೇ 8 ಆಣೆ ಬರೆದಿತ್ತು. ಎದುರು ಪಕ್ಷದವರು ಹೇಳುತ್ತಿದ್ದ ‘ಆಡು ಹೋಗುವ ಜಾಡು’ ಅಲ್ಲಿಗೆ ಗಾಡಿದಾರಿಯಾಯಿತು. ಹಾಗಾಗಿ ಅಂಕಿಗಳನ್ನು ಒಂದಕ್ಕೊಂದು ತಾಳೆ ಹಾಕಿ ನೋಡಿ, ಕಾಗದಗಳು ತಾವೇ ಮಾತಾಡುತ್ತವೆ.

ನಕ್ಷೆಯಲ್ಲಿ ದಾರಿ ಇಲ್ಲದಿದ್ದರೆ? ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಇಲ್ಲಿಯೇ. ನಿಮ್ಮ ಜಮೀನು ಸರ್ಕಾರದ ಕೈಯಿಂದಲೇ ಬಂದದ್ದು. 1978ಕ್ಕೆ ಮೊದಲು ಆ 3 ಎಕರೆ 20 ಗುಂಟೆಯೂ ಸುತ್ತಲ ಗೋಮಾಳವೂ ಒಬ್ಬನೇ ಮಾಲೀಕನವು. ಆ ಮಾಲೀಕ ನಡುವಿನ ತುಂಡನ್ನು ನಿಮ್ಮ ಅಜ್ಜನಿಗೆ ಕೊಟ್ಟು, ಸುತ್ತಲಿನದನ್ನು ತನ್ನ ಬಳಿ ಇಟ್ಟುಕೊಂಡ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 13ನೇ ಕಲಂ ಹೇಳುವುದು ಇಂಥ ಸಂದರ್ಭದ ಬಗ್ಗೆಯೇ: ಒಬ್ಬನು ತನ್ನ ಸ್ವತ್ತಿನ ಒಂದು ಭಾಗವನ್ನು ಇನ್ನೊಬ್ಬನಿಗೆ ವರ್ಗಾಯಿಸಿದಾಗ, ಉಳಿದ ಭಾಗದ ಮೂಲಕ ಹೋಗದೆ ಅದನ್ನು ಅನುಭವಿಸಲು ಸಾಧ್ಯವೇ ಇಲ್ಲ ಎಂದಾದರೆ, ದಾರಿಯ ಹಕ್ಕೂ ಜೊತೆಗೇ ಹೋಗುತ್ತದೆ. ಇದನ್ನು ಅನಿವಾರ್ಯತೆಯ ಅನುಭೋಗ ಎನ್ನುತ್ತಾರೆ; ಅನುಭೋಗ ಅಥವಾ ಈಸ್‌ಮೆಂಟ್ ಎಂದರೆ ಇನ್ನೊಬ್ಬರ ಸ್ವತ್ತನ್ನು ಹೀಗೆ ಬಳಸುವ ಹಕ್ಕು. ಉಳುಮೆ ಮಾಡು ಎಂದು ಸಾಗುವಳಿ ಚೀಟಿ ಕೊಟ್ಟು, ನೇಗಿಲು ಒಯ್ಯಲು ದಾರಿಯಿಲ್ಲ ಎನ್ನುವುದು ನ್ಯಾಯವಾಗಲಾರದು. ಮುಂದೆ ಹೇಳಲಿರುವ ದೀರ್ಘ ಬಳಕೆಯ ಹಕ್ಕಿನಂತೆ ಈ ವಾದಕ್ಕೆ 30 ವರ್ಷದ ಲೆಕ್ಕ ಬೇಕಿಲ್ಲ. ಮಂಜೂರಾದ ದಿನವೇ ಹಕ್ಕು ಹುಟ್ಟಿರುತ್ತದೆ.

ಆದ್ದರಿಂದ ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಮೂಲ ಮಂಜೂರಾತಿ ಕಡತ ತೆಗೆಸುವುದೇ ಈ ವಾರದ ನಿಮ್ಮ ಮುಖ್ಯ ಕೆಲಸ. ಕಡತ ಸಿಗುತ್ತಿಲ್ಲ ಎಂದರೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಲೇಬೇಕು. ಕಡತದಲ್ಲಿ ಹುಡುಕಬೇಕಾದದ್ದು ಬರೀ ಆದೇಶವನ್ನಲ್ಲ. ಅಂದಿನ ರೆವಿನ್ಯೂ ಇನ್‌ಸ್ಪೆಕ್ಟರರ ಸ್ಥಳ ಪರಿಶೀಲನೆ ವರದಿ, ಮಹಜರು, ಸರ್ವೆಯರ್ ಬರೆದ ಕೈನಕ್ಷೆ, ಚೆಕ್ಕುಬಂದಿ (ನಾಲ್ಕು ಗಡಿಗಳ ವಿವರ) ಇವನ್ನು ಒಂದೊಂದು ಸಾಲೂ ಬಿಡದೆ ಓದಿ. ‘ಪೂರ್ವಕ್ಕೆ: ಗೋಮಾಳ ಮತ್ತು ಗಾಡಿದಾರಿ’ ಎಂಬ ಒಂದೇ ಸಾಲು ಹತ್ತು ಸಾಕ್ಷಿಗಳಿಗೆ ಸಮ. ಮಂಜೂರಾತಿಯ ಷರತ್ತುಗಳಲ್ಲಿ ದಾರಿಯ ಮಾತು ನಿಮಗೆ ವಿರುದ್ಧವಾಗಿ ಬಂದಿದ್ದರೂ ಅದು ಈಗಲೇ ಗೊತ್ತಾಗಲಿ, ಕೋರ್ಟಿನಲ್ಲಿ ಮೊದಲ ಬಾರಿಗೆ ಕಾಣಿಸಿಕೊಳ್ಳುವುದು ಬೇಡ.

ಇಲ್ಲಿ ಒಂದು ಎಚ್ಚರಿಕೆ. ಅನಿವಾರ್ಯತೆ ಬೇರೆ, ಅನುಕೂಲ ಬೇರೆ. ಬೇರೆ ದಾರಿ ಇದೆ, ಆದರೆ ಸುತ್ತು ಜಾಸ್ತಿ ಎಂದರೆ ಕೋರ್ಟು ಒಪ್ಪುವುದಿಲ್ಲ. ಎದುರಿನವರು ನಿಮ್ಮ ಕಾಡಿನ ಬಳಸು ದಾರಿಯನ್ನು ಖಂಡಿತ ಎತ್ತುತ್ತಾರೆ. ಅಲ್ಲಿ ನಿಮಗೆ ಕಾನೂನಿನ ಹಕ್ಕಿಲ್ಲ, ಇಲಾಖೆಯೇ ಕಂದಕ ತೋಡಿ ಮುಚ್ಚಿದೆ ಎಂಬುದನ್ನು ಫೋಟೋ ಸಮೇತ ದಾಖಲಿಸಿ. ಕಾಲು ಹಾಕಿದರೆ ಮೊಕದ್ದಮೆ ಬೀಳುವ ಜಾಡು ಬದಲಿ ದಾರಿಯಾಗಲಾರದು. ಹಾಗೆಯೇ ಈಸ್‌ಮೆಂಟ್ ಕಾಯ್ದೆಯ 41ನೇ ಕಲಂ ಪ್ರಕಾರ ಅನಿವಾರ್ಯತೆ ಮುಗಿದ ದಿನ ಈ ಹಕ್ಕೂ ಮುಗಿಯುತ್ತದೆ. ನಾಳೆ ಇನ್ನೊಂದು ಕಡೆಯಿಂದ ನಿಮ್ಮ ಹೊಲಕ್ಕೆ ಸಾರ್ವಜನಿಕ ರಸ್ತೆ ಬಂದರೆ ಇದೇ ವಾದದ ಮೇಲೆ ಈ ದಾರಿಯನ್ನು ಉಳಿಸಿಕೊಳ್ಳಲಾಗದು.

ಇನ್ನು ದೀರ್ಘ ಬಳಕೆಯಿಂದ ಬರುವ ಹಕ್ಕು. ಖಾಸಗಿ ಜಮೀನಿನ ಮೇಲೆ 20 ವರ್ಷ ಸಾಕು, ಸರ್ಕಾರಿ ಜಮೀನಿನ ಮೇಲೆ 30 ವರ್ಷ ಬೇಕು. ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನಲ್ಲೂ 1963ರ ಕಾಲಮಿತಿ ಅಧಿನಿಯಮದ 25ನೇ ಕಲಮಿನಲ್ಲೂ ಇದೇ ಲೆಕ್ಕ. ಬಳಕೆ ಬಹಿರಂಗವಾಗಿರಬೇಕು, ಶಾಂತಿಯುತವಾಗಿರಬೇಕು, ತಡೆಯಿಲ್ಲದೆ ನಡೆದಿರಬೇಕು, ಮುಖ್ಯವಾಗಿ ಹಕ್ಕಿನಿಂದ, ಎಂದರೆ ಯಾರ ಅನುಮತಿಯ ಮೇಲೂ ಅಲ್ಲದೆ, ನಡೆದಿರಬೇಕು. 1978ರಿಂದ ಲೆಕ್ಕ ಹಾಕಿದರೆ ನಿಮಗೆ ವರ್ಷಗಳ ಕೊರತೆಯಿಲ್ಲ. ಆದರೆ ಬಹಳ ಜನ ತಪ್ಪು ತಿಳಿಯುವ ಒಂದು ಅಂಶವಿದೆ. 30 ವರ್ಷ ಎಂದೋ ತುಂಬಿತು, ಹಕ್ಕು ಕೈಗೆ ಬಂತು, ಇನ್ನು ಚಿಂತೆಯಿಲ್ಲ ಎಂದು ಸುಮ್ಮನಿರುವ ಹಾಗಿಲ್ಲ. ಆ 30 ವರ್ಷ, ದಾವೆ ಹೂಡುವ ದಿನಕ್ಕೆ ಹಿಂದಿನ ಎರಡು ವರ್ಷದೊಳಗೆ ಬಂದು ಮುಗಿದಿರಬೇಕು. ಲೆಕ್ಕ ಹಿಂದಿನಿಂದ ಮುಂದಕ್ಕಲ್ಲ, ದಾವೆಯಿಂದ ಹಿಂದಕ್ಕೆ. ಇಂದು ನೀವು ಅನುಮತಿ ಕೇಳಿ ಬರೆದ ಅರ್ಜಿ ಅಪಾಯಕಾರಿಯಾಗುವುದು ಇದಕ್ಕೇ. ಅದು ಎಣಿಕೆಯ ಒಳಗೇ ಬಂದು ಕೂರುತ್ತದೆ, ‘ಹಕ್ಕಿನಿಂದ’ ಎಂಬ ಮಾತನ್ನೇ ಅಲ್ಲಾಡಿಸುತ್ತದೆ. ಅನುಮತಿ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ಅದು ಬರೀ ಪರವಾನಗಿ. ಕೊಟ್ಟವರು ಸಾಮಾನ್ಯವಾಗಿ ಯಾವಾಗ ಬೇಕಾದರೂ ಹಿಂಪಡೆಯಬಹುದು.

ಬೇಲಿ ಬಿದ್ದಾಗಲೇ ಬಳಕೆ ಕಡಿದುಹೋಯಿತೇ ಎಂಬ ಆತಂಕ ನಿಮಗಿರಬಹುದು. ಇಲ್ಲ. ಅಡ್ಡಿ ಯಾರು ಹಾಕಿದರು ಎಂದು ತಿಳಿದ ಮೇಲೂ ಒಂದು ವರ್ಷ ಅದನ್ನು ಒಪ್ಪಿಕೊಂಡು ಸುಮ್ಮನಿದ್ದರೆ ಮಾತ್ರ ಕಾನೂನು ಅದನ್ನು ತಡೆ ಎಂದು ಎಣಿಸುತ್ತದೆ. ನಿಮಗೆ ಇನ್ನೂ ಹತ್ತು ತಿಂಗಳಿದೆ. ಆದರೆ ಬಾಯಿಮಾತಿನ ಪ್ರತಿಭಟನೆ ಕಡತದಲ್ಲಿ ಉಳಿಯುವುದಿಲ್ಲ. ಈಗಲೇ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬರೆದಿಟ್ಟ ಅರ್ಜಿಯ ಬದಲು ಈ ಧಾಟಿಯಲ್ಲಿ ಬರೆಯಿರಿ: ‘ಮೇಲ್ಕಂಡ ಸರ್ವೆ ನಂಬರಿನ ಜಮೀನು ನಮ್ಮ ಅಜ್ಜನವರಿಗೆ ಮಂಜೂರಾದ ದಿನದಿಂದ ಈವರೆಗೆ, ಗೋಮಾಳದಲ್ಲಿರುವ ಗಾಡಿದಾರಿಯನ್ನು ನಾವು ಹಕ್ಕಿನಿಂದ, ಬಹಿರಂಗವಾಗಿ, ಗಾಡಿ ಮತ್ತು ಟ್ರ್ಯಾಕ್ಟರ್ ಸಮೇತ ಬಳಸುತ್ತ ಬಂದಿದ್ದೇವೆ. ಇಂಥ ದಿನ ಹಾಕಿರುವ ಬೇಲಿಯನ್ನು ನಾವು ಒಪ್ಪಿಲ್ಲ. ಅಡ್ಡಿಯನ್ನು ತೆರವುಗೊಳಿಸಿ, ದಾರಿಯನ್ನು ಅಳತೆ ಮಾಡಿಸಿ ನಕ್ಷೆಯಲ್ಲಿ ಗುರುತಿಸಬೇಕು.’ ಕೇಳಿಕೊಳ್ಳುವ ದನಿ ಬೇಡ, ಜಗಳದ ದನಿಯೂ ಬೇಡ. ಪ್ರತಿಯನ್ನು ಕಟ್ಟಡದ ಇಲಾಖೆಗೂ ಗ್ರಾಮ ಪಂಚಾಯಿತಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ತಹಶೀಲ್ದಾರರು ನಿರಾಕರಿಸಿದರೆ ಬಾಯಲ್ಲಿ ಹೇಳಿಸಿಕೊಂಡು ಬರಬೇಡಿ, ಹಿಂಬರಹ (ಲಿಖಿತ ಉತ್ತರ) ಕೊಡಿ ಎಂದು ಕೇಳಿ.

‘ಟ್ರ್ಯಾಕ್ಟರ್ ಸಮೇತ’ ಎಂದು ಬೇಕೆಂದೇ ಹೇಳಿದ್ದೇನೆ. ಈಸ್‌ಮೆಂಟ್ ಕಾಯ್ದೆಯ 28ನೇ ಕಲಂ ಪ್ರಕಾರ ಒಂದು ಬಗೆಯ ದಾರಿ ಹಕ್ಕಿನಲ್ಲಿ ಇನ್ನೊಂದು ಬಗೆಯದು ಸೇರುವುದಿಲ್ಲ. ತಲೆಹೊರೆ ಹೊತ್ತು ನಡೆದದ್ದಷ್ಟೇ ಸಾಬೀತಾದರೆ ಕಾಲುದಾರಿಯಷ್ಟೇ ಸಿಗುತ್ತದೆ. ಆದ್ದರಿಂದ ವಾಹನ ಹೋದದ್ದಕ್ಕೆ ಪುರಾವೆ ಹುಡುಕಿ. ಬೋರ್‌ವೆಲ್ ಕೊರೆಸಿದ್ದೀರಾ? ಆ ದೊಡ್ಡ ಲಾರಿ ಹಾರಿ ಬಂದಿರಲಾರದು, ಅದರ ಬಿಲ್ಲಿನಲ್ಲಿ ತಾರೀಖು ಇರುತ್ತದೆ. ವಿದ್ಯುತ್ ಕಂಬ ತಂದು ನೆಟ್ಟ ದಾಖಲೆ, ಫಸಲು ಸಾಗಿಸಿದ ಬಾಡಿಗೆ ರಸೀದಿ, ಟ್ರ್ಯಾಕ್ಟರ್ ಸಾಲದ ಕಾಗದ, ಮದುವೆಯ ಆಲ್ಬಮ್ಮಿನಲ್ಲಿ ಹಿನ್ನೆಲೆಗೆ ಬಂದ ಗಾಡಿ ಜಾಡು, ಯಾವುದನ್ನೂ ಸಣ್ಣದೆಂದು ಎಸೆಯಬೇಡಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳಲ್ಲಿ ಎರಡು ಚಕ್ರದ ಬಿಳಿ ಗೆರೆ ಕಾಣುತ್ತಿದ್ದರೆ ಅದನ್ನೂ ತೆಗೆಯಿರಿ. ಹಾಜರುಪಡಿಸುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಊರಿನ ಹಿರಿಯರ ಸಾಕ್ಷ್ಯಕ್ಕೆ ತಡಮಾಡಬೇಡಿ. 1978ನ್ನು ಕಣ್ಣಾರೆ ಕಂಡವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ.

ಬೇಲಿಯನ್ನು ನೀವಾಗಿ ಕೀಳಬೇಡಿ. ಹಕ್ಕು ಎಷ್ಟೇ ಗಟ್ಟಿಯಿದ್ದರೂ ಅಡ್ಡಿಯನ್ನು ಸ್ವತಃ ತೆಗೆಯುವಂತಿಲ್ಲ ಎಂದು ಈಸ್‌ಮೆಂಟ್ ಕಾಯ್ದೆಯ 36ನೇ ಕಲಮೇ ಹೇಳುತ್ತದೆ. ಒಂದು ಕಂಬ ಮುಟ್ಟಿದರೂ ವಿಷಯ ದಾರಿಯಿಂದ ಸರಿದು ಸರ್ಕಾರಿ ಆಸ್ತಿ ಹಾನಿಯ ಕಡೆ ಹೋಗುತ್ತದೆ.

ತುರ್ತಾಗಿ ಮಾಡಬಹುದಾದ ಇನ್ನೊಂದು ಕೆಲಸವಿದೆ, ಅದಕ್ಕೆ ದಿನಗಳು ಕಡಿಮೆ. ತಹಶೀಲ್ದಾರರು ತಾಲ್ಲೂಕಿನ ಕಾರ್ಯನಿರ್ವಾಹಕ ದಂಡಾಧಿಕಾರಿಯೂ ಹೌದು. ದಾರಿ ಬಳಸುವ ಹಕ್ಕಿನ ತಕರಾರಿನಿಂದ ಶಾಂತಿಭಂಗವಾಗುವ ಸಂಭವವಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ ಪ್ರಕಾರ ವಿಚಾರಣೆ ನಡೆಸಿ, ಅಡ್ಡಿ ಮಾಡಬಾರದೆಂದು ಆದೇಶಿಸಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 147ನೇ ಕಲಂ. ರೈತರ ದಾರಿ ತಕರಾರುಗಳಲ್ಲಿ ಅದನ್ನು ಬಳಸುವಂತೆ ಕಂದಾಯ ಇಲಾಖೆ 2023ರಲ್ಲಿ ತಹಶೀಲ್ದಾರರಿಗೆ ಸುತ್ತೋಲೆಯನ್ನೂ ಕಳಿಸಿತ್ತು. ಆದರೆ ವರ್ಷವಿಡೀ ಬಳಸುವ ದಾರಿಯಾದರೆ, ದೂರು ತಲುಪುವುದಕ್ಕೆ ಹಿಂದಿನ ಮೂರು ತಿಂಗಳೊಳಗೆ ಅದನ್ನು ಬಳಸಿರಬೇಕು. ನಿಮಗೆ ಬೇಲಿ ಬಿದ್ದು ಎರಡು ತಿಂಗಳಾಗಿದೆ. ಹೊಲಕ್ಕೆ ಉಳುಮೆ–ಕೊಯ್ಲಿಗೆ ಮಾತ್ರ ಹೋಗುವ ದಾರಿಯಾಗಿದ್ದರೆ ಕಳೆದ ಹಂಗಾಮಿನಲ್ಲಿ ಬಳಸಿದ್ದರೆ ಸಾಕು. ಎದುರು ಪಕ್ಷ ಸರ್ಕಾರಿ ಇಲಾಖೆಯೇ ಆದಾಗ ಅಧಿಕಾರಿಗಳು ಹಿಂದೇಟು ಹಾಕುವುದನ್ನು ಕಂಡಿದ್ದೇನೆ, ಆದರೂ ಅರ್ಜಿ ಕೊಟ್ಟಿಡುವುದು ಒಳ್ಳೆಯದು. ಇದು ತಾತ್ಕಾಲಿಕ ರಕ್ಷಣೆಯಷ್ಟೇ, ಹಕ್ಕಿನ ಅಂತಿಮ ತೀರ್ಮಾನ ಸಿವಿಲ್ ಕೋರ್ಟಿನದು. ಸರ್ಕಾರದ ವಿರುದ್ಧ ಹಕ್ಕು ಹೇಳುವವರ ವಿಷಯದಲ್ಲಿ ವಿಚಾರಣೆ ಮಾಡಿ ತೀರ್ಮಾನಿಸುವ ಅಧಿಕಾರ ಭೂ ಕಂದಾಯ ಅಧಿನಿಯಮದ 67ನೇ ಕಲಮಿನ ಎರಡನೇ ಉಪಕಲಂ ಮೂಲಕ ಜಿಲ್ಲಾಧಿಕಾರಿಗೂ ಇದೆ.

ಸಿವಿಲ್ ದಾವೆ ಅನಿವಾರ್ಯವಾದರೆ ಸರ್ಕಾರಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಪ್ರಕಾರ ಎರಡು ತಿಂಗಳ ನೋಟಿಸು ಕೊಡಬೇಕು. ಬಿತ್ತನೆ ನಿಂತುಹೋಗುವಂಥ ತುರ್ತು ಇದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆಯೂ ಹೋಗಬಹುದು. ವಾದಪತ್ರದಲ್ಲಿ ನಕ್ಷೆಯ ದಾರಿ, ಅನಿವಾರ್ಯತೆ, ದೀರ್ಘ ಬಳಕೆ ಮೂರನ್ನೂ ಬೇರೆ ಬೇರೆಯಾಗಿ, ಒಂದಿಲ್ಲದಿದ್ದರೆ ಇನ್ನೊಂದು ಎಂಬಂತೆ ಬರೆಸಿ. ಎಲ್ಲವನ್ನೂ ಕಲಸಿ ‘ನಮಗೆ ದಾರಿ ಹಕ್ಕಿದೆ’ ಎಂದಷ್ಟೇ ಬರೆದ ದಾವೆಗಳು ಬಿದ್ದುಹೋಗುತ್ತವೆ. ದಾರಿಯ ಉದ್ದ, ಅಗಲ, ಹೊರಡುವ ಬಿಂದು, ಸೇರುವ ಬಿಂದು ಎಲ್ಲವೂ ಕೈನಕ್ಷೆಯಲ್ಲಿ ಇರಲಿ. ಕಟ್ಟಡದ ಕೆಲಸ ಮುಂದುವರಿದು ಜಾಡು ಅಳಿಸುವ ಮುನ್ನ ಸ್ಥಳ ನೋಡಿ ಕೋರ್ಟಿಗೆ ವರದಿ ಕೊಡುವ ಕೋರ್ಟ್ ಕಮಿಷನರರನ್ನು ಅಲ್ಲಿಗೆ ಕರೆಸಲು ಅರ್ಜಿ ಹಾಕಿ.

ಕಾಡಿನ ದಾರಿಯ ಬಗ್ಗೆ ಮಾತ್ರ ನಾನು ಇಷ್ಟು ಧೈರ್ಯ ಹೇಳಲಾರೆ. ಮೀಸಲು ಅರಣ್ಯ ಮಾಡುವ ಉದ್ದೇಶ ತಿಳಿಸುವ, 1963ರ ಕರ್ನಾಟಕ ಅರಣ್ಯ ಅಧಿನಿಯಮದ 4ನೇ ಕಲಮಿನ ಅಧಿಸೂಚನೆ ಆಗಿದ್ದರೆ ಅದರ ನಂತರದ ಬಳಕೆಯಿಂದ ಹೊಸ ಹಕ್ಕು ಹುಟ್ಟುವುದು ಕಷ್ಟ. 17ನೇ ಕಲಮಿನಡಿ ಮೀಸಲು ಅರಣ್ಯ ಎಂದು ಅಂತಿಮವಾಗಿ ಘೋಷಣೆಯಾಗಿದ್ದರೆ, ಅರಣ್ಯ ವ್ಯವಸ್ಥಾಪನಾಧಿಕಾರಿ ಅಂದು ದಾಖಲಿಸಿದ ಹಕ್ಕುಗಳಷ್ಟೇ ಉಳಿದಿರುತ್ತವೆ. ಆ ಪಟ್ಟಿಯಲ್ಲಿ ನಿಮ್ಮ ದಾರಿ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಹೊಸ ರಸ್ತೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಪೂರ್ವಾನುಮತಿ ಬೇಕು. 2023ರ ತಿದ್ದುಪಡಿಯಲ್ಲಿ ಸರ್ಕಾರಿ ರಸ್ತೆಯ ಪಕ್ಕದ ಅರಣ್ಯ ಜಾಗದ ಮೂಲಕ ಜನವಸತಿಗೆ ಹೋಗಲು 0.10 ಹೆಕ್ಟೇರ್‌ವರೆಗೆ, ಎಂದರೆ ಸುಮಾರು 10 ಗುಂಟೆಯವರೆಗೆ, ವಿನಾಯಿತಿ ಕೊಟ್ಟಿದ್ದಾರೆ. ಅದು ಜನವಸತಿಗೆ ಹೇಳಿದ ಮಾತು. ಬರೀ ಹೊಲಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ. ಕಾಡು ಉಳಿಯಲೆಂದು ಮಾಡಿದ ಈ ಬಿಗಿ ಸರಿಯಾದದ್ದೇ ಎಂದು ನಾನು ನಂಬುತ್ತೇನೆ. ಹೆದ್ದಾರಿ ಪಕ್ಕದ ಜಮೀನಿನವರದೂ ಹೀಗೆಯೇ: ರಾಷ್ಟ್ರೀಯ ಹೆದ್ದಾರಿಗೆ ವಾಹನ ಇಳಿಸಲು 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯಡಿ ಹೆದ್ದಾರಿ ಆಡಳಿತದ ಅನುಮತಿ ಪಡೆಯಲೇಬೇಕು. ಅನುಮತಿ ಕೇಳಬೇಡಿ ಎಂಬ ನನ್ನ ಮಾತು ಈ ಎರಡು ಕಡೆಗೆ ಅನ್ವಯಿಸುವುದಿಲ್ಲ.

ಕೊನೆಯದಾಗಿ, ಆ ಇಲಾಖೆಯ ಎಂಜಿನಿಯರರನ್ನು ಒಮ್ಮೆ ಭೇಟಿ ಮಾಡಿ. ಅನಿವಾರ್ಯತೆಯ ದಾರಿ ಎಲ್ಲಿ ಹೋಗಬೇಕೆಂದು ಗುರುತಿಸುವ ಹಕ್ಕು ಈಸ್‌ಮೆಂಟ್ ಕಾಯ್ದೆಯ 14ನೇ ಕಲಂ ಪ್ರಕಾರ ಜಮೀನು ಕೊಟ್ಟವರದು, ಅದು ನಿಮಗೆ ತಕ್ಕಮಟ್ಟಿಗೆ ಅನುಕೂಲವಾಗಿದ್ದರೆ ಸಾಕು. ಹಾಗಾಗಿ ಹಳೆಯ ಜಾಡೇ ಬೇಕೆಂದು ಹಟ ಹಿಡಿಯಬೇಡಿ. ಹದಿನಾರೂವರೆ ಅಡಿ ಅಗಲಕ್ಕೆ 400 ಅಡಿ ಎಂದರೆ ಸುಮಾರು 6 ಗುಂಟೆ. ಇಡೀ ದಾರಿ ಅವರ 2 ಎಕರೆಯೊಳಗೇ ಹೋದರೂ 80 ಗುಂಟೆಯಲ್ಲಿ ಅಷ್ಟೇ. ಅದನ್ನು ಕಾಂಪೌಂಡಿನ ಅಂಚಿಗೆ ಸರಿಸಿ, ಜಿಲ್ಲಾಧಿಕಾರಿಗಳ ಆದೇಶದಲ್ಲಿ ‘ಸಾರ್ವಜನಿಕ ದಾರಿ’ ಎಂದು ಕಾಯ್ದಿರಿಸಿ, ಸರ್ವೆ ನಕ್ಷೆಯಲ್ಲೂ ಪಂಚಾಯಿತಿ ರಸ್ತೆಗಳ ದಾಖಲೆಯಲ್ಲೂ ಸೇರಿಸಲು ಅವರು ಒಪ್ಪಿದರೆ, ಅದು ನಿಮ್ಮೊಬ್ಬರ ಅನುಭೋಗದ ಹಕ್ಕಿಗಿಂತ ಭದ್ರ. ಮಾತುಕತೆಗೆ ಹೋಗುವಾಗ ಕೈಯಲ್ಲಿ ಆ ಸ್ವೀಕೃತಿ ಹಾಕಿಸಿದ ಆಕ್ಷೇಪಣೆಯ ಪ್ರತಿ ಇರಲಿ, ಮತ್ತು ಒಪ್ಪಂದದ ಯಾವ ಕಾಗದದಲ್ಲೂ ‘ಅನುಮತಿ’ ಎಂಬ ಪದಕ್ಕೆ ಸಹಿ ಹಾಕಬೇಡಿ. ‘ಇರುವ ದಾರಿಯ ಸ್ಥಳ ಬದಲಾವಣೆ’ ಎಂದೇ ಬರೆಸಿ.